ಲಾರ್ಡ್ ರಿಪ್ಪನ್ ಮತ್ತು ನಮ್ಮ ಬೆಂಗಳೂರು



ಚಾಮರಾಜಪೇಟೆಗೆ ಆ ಹೆಸರು ಬಂದದ್ದು ಚಾಮರಾಜೇಂದ್ರ ಒಡೆಯರಿಂದ ಎಂಬುದು ನಿಮಗೆಲ್ಲ ಗೊತ್ತು. 1881ರ ಮಾರ್ಚ್ 25ರಂದು ಅವರ ಕೈಗೆ ಮೈಸೂರು ರಾಜ್ಯ ಹಿಂದಿರುಗಿದಾಗ ವೈಸರಾಯ್ ಯಾರಾಗಿದ್ದರು ಎಂದು ಕೇಳಿದರೆ ಮಾತ್ರ ಬಹಳ ಮಂದಿ ಸುಮ್ಮನಾಗುತ್ತಾರೆ. ಅವರೇ ಲಾರ್ಡ್ ರಿಪ್ಪನ್.

ಹಾಗೆಂದು ರಾಜ್ಯ ಮರಳಿಸಿದ ಕೀರ್ತಿಯನ್ನೆಲ್ಲ ಅವರಿಗೇ ಕೊಡುವುದು ಸರಿಯಲ್ಲ. 1831ರಿಂದ ಐವತ್ತು ವರ್ಷ ಇಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ. ಅವರ ಕಚೇರಿಗಳು 1868ರವರೆಗೆ ಇಲ್ಲೇ ಪಕ್ಕದ ಟಿಪ್ಪು ಅರಮನೆಯಲ್ಲಿದ್ದವು, ಆಮೇಲೆ ಅಠಾರ ಕಚೇರಿಗೆ ಹೋದವು. ರಾಜ್ಯ ಮರಳಿ ಪಡೆಯಲು ಮುಮ್ಮಡಿ ಕೃಷ್ಣರಾಜ ಒಡೆಯರು ದೀರ್ಘಕಾಲ ಹೋರಾಡಿದರು. 1867ರಲ್ಲೇ ಲಂಡನ್ ಸರ್ಕಾರ ಒಪ್ಪಿತ್ತು. ರಿಪ್ಪನ್ನರ ಕಾಲದಲ್ಲಿ ಅದು ನೆರವೇರಿತು, ಅದೂ ಅರ್ಧಂಬರ್ಧ. ಪೇಟೆ ಮಹಾರಾಜರಿಗೆ, ದಂಡು ಬ್ರಿಟಿಷರಿಗೆ. ಊರಿನ ನಡುವಿನ ಆ ಗೆರೆ ಅಳಿಸಿದ್ದು 1947ರಲ್ಲಿ.

ರಿಪ್ಪನ್ನರು ಹುಟ್ಟಿದ್ದು 1827ರಲ್ಲಿ, ಲಂಡನ್ನಿನ 10 ಡೌನಿಂಗ್ ಸ್ಟ್ರೀಟಿನಲ್ಲಿ. ಆಗ ಅವರ ತಂದೆ ಪ್ರಧಾನಮಂತ್ರಿ! ಇಂಥ ಮನೆಯ ಮಗ ಶಾಲೆಗೂ ಹೋಗಲಿಲ್ಲ, ಕಾಲೇಜಿಗೂ ಹೋಗಲಿಲ್ಲ, ಮನೆಯಲ್ಲೇ ಓದಿದರು. (ವಿದ್ಯಾರ್ಥಿಗಳು ಇದನ್ನು ನೆಪ ಮಾಡಿಕೊಳ್ಳಬೇಡಿ, ಅವರ ಮನೆಗೇ ಪಾಠ ಹೇಳುವವರು ಬರುತ್ತಿದ್ದರು.) 1870ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಾಗ ಶಿಕ್ಷಣ ಇಲಾಖೆಯ ಮೇಲಿನ ಹೊಣೆ ಹೊತ್ತ ಮಂತ್ರಿ ಇವರೇ.

1874ರಲ್ಲಿ ಅವರು ಕ್ಯಾಥೊಲಿಕ್ ಮತಕ್ಕೆ ಸೇರಿದರು. ಪ್ರೊಟೆಸ್ಟೆಂಟರೇ ಬಹುಸಂಖ್ಯೆಯಲ್ಲಿದ್ದ ಆ ದೇಶದಲ್ಲಿ ಇದು ದೊಡ್ಡ ಗದ್ದಲವಾಯಿತು. ಇಂಥವರನ್ನು ಇನ್ನು ನಂಬುವುದು ಹೇಗೆ ಎಂದು ಪತ್ರಿಕೆಗಳು ಟೀಕಿಸಿದವು. ಆರೇ ವರ್ಷದಲ್ಲಿ ಗ್ಲ್ಯಾಡ್‌ಸ್ಟನ್ ಅವರನ್ನು ಭಾರತಕ್ಕೆ ವೈಸರಾಯ್ ಮಾಡಿ ಕಳಿಸಿದರು. ಧರ್ಮದ ಕಾರಣಕ್ಕೆ ಸಂಶಯದ ಕಣ್ಣಿಗೆ ಬಿದ್ದ ಅನುಭವ ಅವರಿಗಿತ್ತು ಎಂಬುದನ್ನು ನಾವು ಗಮನಿಸಬೇಕು.

ಇಲ್ಲಿ ಅವರು ಮಾಡಿದ ಕೆಲಸಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು 1882ರ ಮೇ 18ರ ನಿರ್ಣಯ. ಊರಿನ ರಸ್ತೆ, ನೀರು, ಶಾಲೆಗಳನ್ನು ಊರಿನವರೇ ನೋಡಿಕೊಳ್ಳುವ ಸ್ಥಳೀಯ ಮಂಡಳಿಗಳು ಬೇಕು, ಅವುಗಳಲ್ಲಿ ಸರ್ಕಾರಿ ಅಧಿಕಾರಿಗಳಲ್ಲದವರೇ ಹೆಚ್ಚಿರಬೇಕು ಎಂದು ಅದು ಹೇಳಿತು. ಭಾರತೀಯರು ಇದಕ್ಕೆ ಇನ್ನೂ ತಯಾರಾಗಿಲ್ಲ ಎಂದು ಎಷ್ಟೋ ಅಧಿಕಾರಿಗಳು ಗೊಣಗಿದರು. ಆದರೆ ನಿರ್ಣಯದ ಮಾತೇ ಬೇರೆ: ಆಡಳಿತ ಕೂಡಲೇ ಸುಧಾರಿಸಲಿ ಎಂದಲ್ಲ, ಇದು ಜನರಿಗೆ ರಾಜಕೀಯ ಶಿಕ್ಷಣವಾಗಲಿ ಎಂದೇ ಮುಖ್ಯವಾಗಿ ಮಾಡುತ್ತಿರುವುದು. ಅಂದರೆ ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕು ಎಂಬ ಮಾತು.

ನಮ್ಮವರು ಅದಕ್ಕೂ ಮೊದಲೇ ನೀರಿಗಿಳಿದಿದ್ದರು ಎಂದು ಹೆಮ್ಮೆಯಿಂದ ಹೇಳಬಹುದು. ದಿವಾನ್ ರಂಗಾಚಾರ್ಲು ಕರೆದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ನಡೆದದ್ದು 1881ರ ಅಕ್ಟೋಬರ್ 7ರಂದು. ಸದಸ್ಯರು 144 ಮಂದಿ. ಆದರೆ ಅವರು ಜನರಿಂದ ಚುನಾಯಿತರಾದವರಲ್ಲ, ಚುನಾವಣೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು.

ಅದೇ 1882ರಲ್ಲಿ ರಿಪ್ಪನ್ನರು ಹಂಟರ್ ಶಿಕ್ಷಣ ಆಯೋಗ ನೇಮಿಸಿದರು. ಸರ್ ಸೈಯದ್ ಅಹ್ಮದ್ ಖಾನರ ಮಗ ಸೈಯದ್ ಮಹಮೂದ್ ಅದರ ಸದಸ್ಯರಲ್ಲೊಬ್ಬರು. ಮುಸ್ಲಿಮರ ಶಿಕ್ಷಣಕ್ಕೆ ವಿಶೇಷ ಉತ್ತೇಜನ, ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಮುಸ್ಲಿಂ ಶಿಕ್ಷಕರ ತರಬೇತಿ ಇವೆಲ್ಲ ಆ ವರದಿಯ ಶಿಫಾರಸುಗಳು. ನಮ್ಮಂಥ ಸಂಘಗಳು ಇಂದಿಗೂ ಕೇಳುತ್ತಿರುವ ಪಟ್ಟಿ ಬಹುಮಟ್ಟಿಗೆ ಇದೇ ಅಲ್ಲವೇ?

ಅವರು ಸೋತ ಕಡೆಯೂ ಇದೆ. ಭಾರತೀಯ ನ್ಯಾಯಾಧೀಶರು ಯುರೋಪಿಯನ್ನರನ್ನೂ ವಿಚಾರಣೆ ಮಾಡಬಹುದು ಎಂಬ 1883ರ ಇಲ್ಬರ್ಟ್ ಮಸೂದೆಗೆ ಕಲ್ಕತ್ತೆಯ ಬಿಳಿಯರೂ ತೋಟದ ಸಾಹುಕಾರರೂ ಎದ್ದು ನಿಂತರು. 1884ರ ಜನವರಿಯಲ್ಲಿ ಅದು ಕಾಯಿದೆಯಾಗುವಾಗ, ಕನಿಷ್ಠ ಅರ್ಧದಷ್ಟು ಬಿಳಿಯರೇ ಇರುವ ಜ್ಯೂರಿಯನ್ನು ಕೇಳುವ ಹಕ್ಕು ಅವರಿಗೆ ಸಿಕ್ಕಿತು. ರಿಪ್ಪನ್ನರು ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕಿತ್ತೆಂದೇ ನನ್ನ ಅಭಿಪ್ರಾಯ. ಆದರೂ ಆ ವರ್ಷದ ಡಿಸೆಂಬರಿನಲ್ಲಿ ಅವರು ಹೊರಟಾಗ ಕಲ್ಕತ್ತೆಯಿಂದ ಬೊಂಬಾಯಿಯವರೆಗೆ ಜನ ದಾರಿಯುದ್ದಕ್ಕೂ ಸೇರಿ ಬೀಳ್ಕೊಟ್ಟರು.

ಮಿತ್ರರೇ, ಮದ್ರಾಸಿನ ನಗರಸಭೆಯ ಬಿಳಿ ಕಟ್ಟಡಕ್ಕೆ 1913ರಿಂದ ಅವರದೇ ಹೆಸರು. ನಮ್ಮ ಬೆಂಗಳೂರಿನ ಮಾತು ಹೇಳಬೇಕೆಂದರೆ, 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯನ್ನೇ ಒಡೆದು ಐದು ಮಾಡುವವರೆಗೂ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಚರಂಡಿ, ದೀಪ, ಕಸದ ವಿಷಯವನ್ನೆಲ್ಲ ಅಧಿಕಾರಿಗಳೇ ನೋಡಿಕೊಂಡರು. ಆ ಐದು ವರ್ಷಗಳಲ್ಲಿ ಹದಿನೆಂಟು ತುಂಬಿದ ನಮ್ಮ ಮಕ್ಕಳು ತಮ್ಮ ವಾರ್ಡಿಗೆಂದು ಒಮ್ಮೆಯೂ ಮತ ಹಾಕಲಿಲ್ಲ.