ಏಳರಿಂದ ಎಂಟಕ್ಕೆ

ಸಕಲೇಶಪುರ ತಾಲ್ಲೂಕಿನ ಬೆಳಗೋಡು ಹೋಬಳಿಯ ಹಳ್ಳಿಗಳಲ್ಲಿ ಮಗು ಏಳನೇ ತರಗತಿ ಮುಗಿಸಿದರೆ ಮನೆಯವರು ಟಿ.ಸಿ. ಪಡೆದು ಹೈಸ್ಕೂಲಿಗೆ ಸೇರಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೂ ಪ್ರಾಥಮಿಕ ಶಿಕ್ಷಣವೆಂದೇ ಹೇಳುತ್ತದೆ. ಕೆಲವು ಶಾಲೆಗಳಿಗೆ ಎಂಟನೇ ತರಗತಿ ಸೇರಿಯೂ ಇದೆ. ಆದರೂ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವುದು ಹಳೆಯ ಏರ್ಪಾಡೇ: ಒಂದರಿಂದ ಏಳು ಒಂದು ಕಡೆ, ಎಂಟರಿಂದ ಹತ್ತು ಇನ್ನೊಂದು ಕಡೆ. ಆ ಟಿ.ಸಿ.ಯಲ್ಲಿ ಮಗುವಿನ ಹೆಸರಿದೆ, ಹುಟ್ಟಿದ ದಿನಾಂಕವಿದೆ, ಜಾತಿಯಿದೆ, ಓದಿದ ಮಾಧ್ಯಮವಿದೆ. ಈ ಮಗುವಿಗೆ ಭಿನ್ನರಾಶಿ ಗುಣಿಸಲು ಬರುತ್ತದೆಯೇ, ಸಮಾಜ ಪುಸ್ತಕದ ಒಂದು ಪುಟ ಓದಿ ಅದರಲ್ಲೇನಿದೆಯೆಂದು ತನ್ನ ಮಾತಿನಲ್ಲಿ ಹೇಳಲು ಬರುತ್ತದೆಯೇ ಎಂಬುದು ಮಾತ್ರ ಅದರಲ್ಲಿಲ್ಲ. ಹೈಸ್ಕೂಲಿಗೆ ತಯಾರಿ ಎಂದೊಡನೆ ಅನೇಕ ತಂದೆತಾಯಿಯರ ಮನಸ್ಸಿಗೆ ಬರುವುದು ಟ್ಯೂಷನ್, ಅದೂ ಮುಂದಿನ ತರಗತಿಯ ಪಾಠಗಳನ್ನು ಬೇಸಿಗೆ ರಜೆಯಲ್ಲೇ ಹೇಳಿಸಿಬಿಡುವುದು. ನಿಜವಾದ ತಯಾರಿ ಆರು ಮತ್ತು ಏಳನೇ ತರಗತಿಯ ಪಾಠವನ್ನೇ ಗಟ್ಟಿ ಮಾಡುವುದು. ಗಟ್ಟಿಯಾಗದೆ ಉಳಿದದ್ದು ಇಂಥದ್ದೆಂದು ಹೈಸ್ಕೂಲಿನ ಮೇಷ್ಟ್ರಿಗೆ ತಿಳಿಸಿ ಕಳಿಸುವುದು. ಈ ಮಾತಿಗೆ ಆಧಾರವೇನೆಂದು ನೋಡೋಣ.

ಒಂದು ಲೆಕ್ಕ ತೆಗೆದುಕೊಳ್ಳಿ. ಒಂದು ಎಕರೆ ಜಮೀನಿನ ಮುಕ್ಕಾಲು ಭಾಗದಲ್ಲಿ ಕಾಫಿ ಇದೆ, ಆ ಕಾಫಿಯ ಮೂರನೇ ಒಂದು ಭಾಗಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದೆ. ಮೆಣಸು ಎಷ್ಟು ಜಾಗದಲ್ಲಿದೆ? ಎಕರೆಗೆ ನಲವತ್ತು ಗುಂಟೆ, ಕಾಫಿ ಮೂವತ್ತು ಗುಂಟೆ, ಅದರಲ್ಲಿ ಮೂರನೇ ಒಂದು ಅಂದರೆ ಹತ್ತು ಗುಂಟೆ ಎಂದು ತೋಟದ ಮನೆಯ ಹುಡುಗಿ ಬಾಯಲ್ಲೇ ಹೇಳಬಹುದು. ಅದನ್ನೇ ಮೂರು ನಾಲ್ಕಾಂಶ ಗುಣಿಲೆ ಒಂದು ಮೂರಾಂಶ ಎಂದು ಹಲಗೆಯ ಮೇಲೆ ಬರೆದಾಗ ಅದೇ ಹುಡುಗಿ ತಡವರಿಸಿದರೆ, ಎಂಟನೇ ತರಗತಿಯಲ್ಲಿ ಬರುವ ಭಾಗಲಬ್ಧ ಸಂಖ್ಯೆಗಳೂ ಸಮೀಕರಣಗಳೂ ಅವಳಿಗೆ ಬರೀ ಗುರುತುಗಳಾಗಿ ಉಳಿಯುತ್ತವೆ. ಹೈಸ್ಕೂಲಿನ ಗಣಿತ ಮೇಷ್ಟ್ರಿಗೆ ಕಾಣುವುದು ಸಮೀಕರಣ ಬಿಡಿಸಲಾಗದ ಹುಡುಗಿ. ತೊಡಕು ಇರುವುದು ಹಿಂದಿನ ತರಗತಿಗಳ ಪಾಠದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮಾಹಿತಿಯನ್ನು ಅವರು ಪರಿಶೀಲಿಸಿದರು. ಹತ್ತು ವರ್ಷದ ಆಸುಪಾಸಿನಲ್ಲಿ ಮಗುವಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಬರುತ್ತಿತ್ತು ಎಂಬುದರಿಂದ, ಐದಾರು ವರ್ಷದ ನಂತರ ಅದರ ಗಣಿತ ಹೇಗಿರುತ್ತದೆಂದು ಊಹಿಸಲು ಸಾಧ್ಯವಿತ್ತು. ಮಗುವಿನ ಬುದ್ಧಿಮತ್ತೆ, ಮನೆಯ ಆದಾಯ, ತಂದೆತಾಯಿಯರ ಓದು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು. ಬಡತನವನ್ನು ಮೇಷ್ಟ್ರು ಬದಲಿಸಲಾರರು, ಭಾಗಾಕಾರವನ್ನು ಕಲಿಸಬಲ್ಲರು. ಆದ್ದರಿಂದಲೇ ಈ ಅಧ್ಯಯನ ನನಗೆ ಭರವಸೆಯ ಸುದ್ದಿಯಾಗಿ ಕಾಣುತ್ತದೆ.

ನಮ್ಮ ದೇಶದ ಸ್ಥಿತಿಯೇನು? ಶಿಕ್ಷಣದ ಸ್ಥಿತಿಗತಿಯ 'ಅಸರ್' ವರದಿಯವರು 2023ರಲ್ಲಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಮಾತಾಡಿಸಿದರು. ಅವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನೂ ಸರಾಗವಾಗಿ ಓದಲು ಬರಲಿಲ್ಲ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಿದವರು ಶೇಕಡ 43 ಮಾತ್ರ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇಕಡ 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಆಗ ಕೃಪಾಂಕ ಹೆಚ್ಚಿಸಿಯೂ ಅದು 73.40ಕ್ಕೆ ಇಳಿಯಿತು. ಹತ್ತನೇ ತರಗತಿಯಲ್ಲಿ ಸಂಜೆ ವಿಶೇಷ ತರಗತಿ ನಡೆಸುತ್ತೇವೆ, ಪಾಸಿಂಗ್ ಪ್ಯಾಕೇಜ್ ಹಂಚುತ್ತೇವೆ. ಇದೆಲ್ಲ ಆಪತ್ಕಾಲದ ಚಿಕಿತ್ಸೆ. ಕಾಯಿಲೆ ಹಿಡಿದದ್ದು ಅದಕ್ಕೂ ಬಹಳ ಮೊದಲು.

ಇನ್ನು ಹಾಜರಾತಿ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಆ ನಗರದ ಶಾಲೆಗಳನ್ನು ಅಭ್ಯಾಸ ಮಾಡಿ 2014ರಲ್ಲಿ ಹೇಳಿದ್ದು: ಹೈಸ್ಕೂಲಿನಲ್ಲಿ ಯಾರು ಮುಂದೆ ಸಾಗುತ್ತಾರೆ, ಯಾರು ಎಡವುತ್ತಾರೆ ಎಂಬುದನ್ನು ಮಾಧ್ಯಮಿಕ ಹಂತದ ಪರೀಕ್ಷಾಂಕಗಳಿಗಿಂತ ಆ ಹಂತದ ಹಾಜರಾತಿ ಮತ್ತು ತರಗತಿಯಲ್ಲಿ ಮೇಷ್ಟ್ರು ಕೊಟ್ಟ ಶ್ರೇಣಿಗಳು ಚೆನ್ನಾಗಿ ಸೂಚಿಸುತ್ತವೆ. ಆ ಮಹಾನಗರಕ್ಕೂ ನಮ್ಮ ಮಲೆನಾಡಿಗೂ ಹೋಲಿಕೆಯಿಲ್ಲ, ನಿಜ. ಆದರೆ ಹಾಜರಾತಿಯ ಪ್ರಶ್ನೆ ನಮ್ಮಲ್ಲಿ ಇನ್ನೂ ತೀವ್ರ. ಬೇಸಿಗೆ ರಜೆ ಮುಗಿದು ಶಾಲೆ ತೆರೆದೊಡನೆ ಸೇತುಬಂಧ ನಡೆಯುತ್ತದೆ: ಹಿಂದಿನ ತರಗತಿಯ ಪಾಠ ಎಷ್ಟು ಉಳಿದಿದೆಯೆಂದು ಪೂರ್ವ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಒಳ್ಳೆಯ ಯೋಜನೆ. ಬೆಳಗೋಡು ಸೀಮೆಯಲ್ಲಿ ಅದು ನಡೆಯಬೇಕಾದ ದಿನಗಳೇ ಮುಂಗಾರು ಇಳಿಯುವ ದಿನಗಳು. ಮಳೆ ಜೋರಾದರೆ ರಜೆ, ಹಳ್ಳ ತುಂಬಿದರೆ ದೂರದ ಮಕ್ಕಳು ಬರುವುದಿಲ್ಲ. ಎಂಟನೇ ತರಗತಿಗೆ ಹೊಸದಾಗಿ ಬಂದ ಮಗುವಿನ ಹೆಸರೂ ಮೇಷ್ಟ್ರಿಗೆ ಬಾಯಿಗೆ ಬಂದಿರುವುದಿಲ್ಲ. ವರ್ಷದ ಇನ್ನೊಂದು ತುದಿಗೆ ಕಾಫಿ ಕುಯ್ಲು. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವ ಹೊತ್ತಿನಲ್ಲಿ, ತೋಟಗಳ ಕೂಲಿಕಾರರ ಲೈನ್ ಮನೆಗಳಿಂದ ಗಂಡಹೆಂಡಿರಿಬ್ಬರೂ ಬೆಳಿಗ್ಗೆಯೇ ಹೊರಡುತ್ತಾರೆ. ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಏಳನೇ ತರಗತಿಯ ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಆನೆಗಳ ಹಿಂಡು ತೋಟದಲ್ಲಿ ಬೀಡುಬಿಟ್ಟಿತೆಂದರೆ ಅಂದು ಆ ದಾರಿಯ ಮಕ್ಕಳನ್ನು ಯಾರೂ ಕಳಿಸುವುದಿಲ್ಲ, ಕಳಿಸಲೂಬಾರದು. ಹೀಗೆ ಎರಡನೇ ಅವಧಿಯ ಪಾಠ ತುಂಡುತುಂಡಾಗುತ್ತದೆ. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂದು ಕಾನೂನಿದೆ. ತಮ್ಮನನ್ನು ಎತ್ತಿಕೊಂಡು ಕೂತ ಹುಡುಗಿ ಮಾತ್ರ ಆ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಕುಯ್ಲಿನ ಮೂರು ತಿಂಗಳು ಅಂಗನವಾಡಿಯ ಅಥವಾ ಶಿಶುಪಾಲನೆಯ ವ್ಯವಸ್ಥೆಯನ್ನು ಬೆಳೆಗಾರರೂ ಪಂಚಾಯಿತಿಯೂ ಸೇರಿ ಗಟ್ಟಿ ಮಾಡಿದರೆ, ಅದು ಹೈಸ್ಕೂಲಿನ ತಯಾರಿಗೆ ಯಾವ ಟ್ಯೂಷನ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಆರು ಏಳನೇ ತರಗತಿಯ ಪಾಠವನ್ನೇ ಗಟ್ಟಿ ಮಾಡಿ, ಉಳಿದ ತೊಡಕನ್ನು ಹೈಸ್ಕೂಲಿಗೆ ತಿಳಿಸಿ ಕಳಿಸಬೇಕೆಂಬ ಮಾತಿಗೆ ಆಕ್ಷೇಪಗಳಿವೆ, ಕೆಲವಂತೂ ತೂಕದವು. ಏಳನೇ ತರಗತಿಗೆ ಹಿಂದಿನಂತೆ ಪಬ್ಲಿಕ್ ಪರೀಕ್ಷೆ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಬಹಳ ಮಂದಿ. ಪರೀಕ್ಷೆಯ ಭಯಕ್ಕೆ ಮಕ್ಕಳು ಓದುತ್ತಾರೆ ಎಂಬುದು ಪೂರ್ತಿ ಸುಳ್ಳಲ್ಲ. ಆದರೆ ವರ್ಷದ ಕೊನೆಯ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಮಗು ಆ ಶಾಲೆ ಬಿಟ್ಟಿರುತ್ತದೆ; ತಪ್ಪನ್ನು ತಿದ್ದಬೇಕಾದ ಮೇಷ್ಟ್ರ ಎದುರು ಅದಿಲ್ಲ. ಮಕ್ಕಳ ಕಲಿಕೆಯ ಮಾಹಿತಿಯೆಲ್ಲ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲೇ ಇದೆಯಲ್ಲ ಎಂಬುದು ಇನ್ನೊಂದು ಮಾತು. ಇದೆ, ಆದರೆ ಅಲ್ಲಿರುವುದು ಶ್ರೇಣಿ. ಗಣಿತದಲ್ಲಿ ಬಿ ಪ್ಲಸ್ ಬಂದ ಇಬ್ಬರಲ್ಲಿ ಒಬ್ಬನಿಗೆ ಭಿನ್ನರಾಶಿ ಬರದಿರಬಹುದು, ಇನ್ನೊಬ್ಬನಿಗೆ ಲೆಕ್ಕ ಬಂದರೂ ಪ್ರಶ್ನೆಯ ಕನ್ನಡ ಅರ್ಥವಾಗದಿರಬಹುದು. ಇಬ್ಬರಿಗೂ ಬೇಕಾದ ಪಾಠ ಬೇರೆಬೇರೆ. ಹಾಗಾಗಿ ಮಗುವಿಗೊಂದರಂತೆ ಒಂದೇ ಹಾಳೆ ಸಾಕು: ಓದಿ ಅರ್ಥ ಮಾಡಿಕೊಳ್ಳುವುದು, ನಾಲ್ಕು ಸಾಲು ಸ್ವಂತವಾಗಿ ಬರೆಯುವುದು, ಭಾಗಾಕಾರ, ಭಿನ್ನರಾಶಿ, ಶೇಕಡ, ಇಂಗ್ಲಿಷ್ ಓದು, ಪ್ರತಿಯೊಂದರ ಎದುರು 'ಬರುತ್ತದೆ' ಅಥವಾ 'ಇಂಥಲ್ಲಿ ತೊಡಕು' ಎಂಬ ಒಂದು ಸಾಲು. ಅದನ್ನು ಮಾರ್ಚಿನಲ್ಲೇ ಬರೆದು ಹತ್ತಿರದ ಹೈಸ್ಕೂಲಿಗೆ ಕಳಿಸಿದರೆ ಮಳೆ ರಜೆಗಳ ನಡುವೆ ಪೂರ್ವ ಪರೀಕ್ಷೆಗೆಂದು ದಿನ ಕಳೆಯಬೇಕಿಲ್ಲ, ನೇರವಾಗಿ ಪಾಠಕ್ಕೇ ಇಳಿಯಬಹುದು. ಮೇಷ್ಟ್ರಿಗೆ ಈಗಲೇ ದಾಖಲೆಗಳ ಹೊರೆ ಹೆಚ್ಚಾಗಿದೆ, ಇನ್ನೊಂದು ಹಾಳೆ ಯಾಕೆ ಎಂದರೆ ಆ ಸಂಕಟ ನಿಜವೇ. ಆದರೆ ಹಳ್ಳಿಯ ಶಾಲೆಗಳ ಏಳನೇ ತರಗತಿಯಲ್ಲಿ ಎಷ್ಟೋ ಕಡೆ ಹತ್ತು ಹನ್ನೆರಡು ಮಕ್ಕಳೂ ಇರುವುದಿಲ್ಲ. ಆ ಮಕ್ಕಳನ್ನು ವರ್ಷಗಳಿಂದ ಬಲ್ಲ ಟೀಚರಿಗೆ ಇದು ಒಂದು ಮಧ್ಯಾಹ್ನದ ಕೆಲಸ.

ಎಂಟನೇ ತರಗತಿಗೆ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿಬಿಟ್ಟರೆ ಮುಂದಿನದು ಸಲೀಸು ಎಂಬ ನಂಬಿಕೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪಿಯುಸಿ ವಿಜ್ಞಾನಕ್ಕೆ ಇಂಗ್ಲಿಷ್ ಬೇಕು, ಆ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಕನ್ನಡದಲ್ಲೇ ಪಾಠ ಗಟ್ಟಿಯಾಗದ ಮಗುವಿನ ಮೇಲೆ ಹೊಸ ಶಾಲೆ, ಹೊಸ ವಿಷಯ, ಹೊಸ ಭಾಷೆ ಮೂರನ್ನೂ ಒಂದೇ ಜೂನ್‌ನಲ್ಲಿ ಹೇರಿದರೆ ಅದು ಬಾಯಿಪಾಠಕ್ಕೆ ಶರಣಾಗುತ್ತದೆ. ಇಂಗ್ಲಿಷನ್ನು ಭಾಷೆಯಾಗಿ ಐದು ಆರನೇ ತರಗತಿಯಿಂದಲೇ ಚೆನ್ನಾಗಿ ಕಲಿಸೋಣ, ದಿನಾ ಅರ್ಧ ಗಂಟೆ ಓದಿಸೋಣ. ಮಾಧ್ಯಮ ಬದಲಿಸುವುದು ಬೇರೆ ಮಾತು. ಅನೇಕರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಸಿಇಟಿ ಮೂಲಕ ಹಂಚುವ ಎಂಜಿನಿಯರಿಂಗ್, ಕೃಷಿ ಮುಂತಾದ ಕೋರ್ಸುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಾತಿಯಿದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ, ಪೂರ್ತಿ ಹತ್ತು ವರ್ಷ, ಹಾಗೆ ಓದಿರಬೇಕು. ಏಳು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಎಂಟಕ್ಕೆ ಸಕಲೇಶಪುರ ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಹೋದ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಹೋಗಲೇಬಾರದೆಂದಲ್ಲ, ತಿಳಿದು ಹೋಗಬೇಕು.

ಹಾಗೆಯೇ ಮೊದಲೇ ತಿಳಿದಿರಬೇಕಾದದ್ದು ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳು ಇದರ ಪರೀಕ್ಷೆ ಬರೆಯುತ್ತಾರೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಲೈನ್ ಮನೆಯ ಹುಡುಗಿಯೊಬ್ಬಳು ಹತ್ತನೇ ತರಗತಿಯ ನಂತರ ಓದು ನಿಲ್ಲಿಸದಿರಲು ಈ ಹಣವೇ ಕಾರಣವಾಗಬಹುದು. ಆದರೆ ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲೇ ಶೇಕಡ 55 ಅಂಕ ಇರಬೇಕು, ಪರಿಶಿಷ್ಟರಿಗೆ ಶೇಕಡ 50. ಎಂಟನೇ ತರಗತಿಗೆ ಬಂದ ಮೇಲೆ ಈ ವಿಷಯ ತಿಳಿದರೆ ತಡವಾಯಿತು. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಮಾಡಿಸಲು ನಾಡಕಚೇರಿಗೆ ಹೋಗುವುದೆಂದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋಯಿತೆಂದೇ ಅರ್ಥ. ಕುಯ್ಲಿನ ಕಾಲದಲ್ಲಿ ಅವರು ಹೋಗಲಾರರು. ಈ ಮಾತನ್ನು ಆರನೇ ತರಗತಿಯ ಕೊನೆಯಲ್ಲೇ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿ, ಕಾಗದಪತ್ರಗಳನ್ನು ಕಾಫಿ ಹಣ್ಣಾಗುವ ಮೊದಲೇ, ದಸರಾ ರಜೆಯೊಳಗೆ, ಮಾಡಿಸಿಡಬೇಕು.