ಈದ ಆಕಳಿನ ಗರ್ಭಚೀಲ
(ಸಂಘದ ಬೆಳ್ಳಿ ಹಬ್ಬದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಕಲಿತು ಒಕ್ಕಲುತನ ಮಾಡುವವನು. ದನದ ಮಾತನ್ನೇ ಆಡುತ್ತೇನೆ.

ಕೆಲವು ವರ್ಷದ ಹಿಂದೆ ಸಾಲ ತೆಗೆದು ಒಂದು ಜರ್ಸಿ ಆಕಳು ತಂದಿದ್ದೆ. ಮುಂಜಾನೆ ಈದದ್ದು, ಹೊತ್ತು ಮುಳುಗಿದರೂ ಮಾಸು ಬೀಳಲಿಲ್ಲ. ಮಂದಿ ಮಾತು ಕೇಳಿ ಜೋತುಬಿದ್ದ ಮಾಸಿಗೆ ಕಲ್ಲು ಕಟ್ಟಿದೆ. ಮರುದಿನ ಕೈ ಹಾಕಿ ಜಗ್ಗಿದೆ. ಮಾಸು ಬಂತು, ರಕ್ತಾನೂ ಬಂತು. ವಾರದೊಳಗೆ ನಾರುವ ಕೀವು ಸುರು ಆತು. ಮುಂದೆ ಅದು ಗಬ್ಬ ನಿಲ್ಲಲೇ ಇಲ್ಲ. ಅರ್ಧ ರೊಕ್ಕಕ್ಕೆ ಮಾರಿದೆ. ಆಕಳು ಹೋತು, ಸಾಲದ ಕಂತು ಉಳೀತು.

ಆಮೇಲೆ ದನದ ಡಾಕ್ಟರೊಬ್ಬರು ತಿಳಿಸಿ ಹೇಳಿದರು. ಈಯುವಾಗ ಗರ್ಭದ ಬಾಯಿ ತೆರೆದು ಸೆಗಣಿ, ಮಣ್ಣು, ನಮ್ಮ ಕೈಯಿಂದ ಕ್ರಿಮಿಗಳು ಒಳಗೆ ಹೋಗುತ್ತವೆ. ಮೊದಲ ಎರಡು ವಾರ ಹೆಚ್ಚಿನ ಆಕಳುಗಳಿಗೆ ಇದು ತಪ್ಪಿದ್ದಲ್ಲ. ಆದರೂ ಬಹಳಷ್ಟು ತಾವೇ ಪಾರಾಗುತ್ತವೆ. ಹೆಂಗಂದರೆ, ಗರ್ಭಚೀಲದ ಒಳಪದರವೇ ಕಾವಲು ಕಾಯುತ್ತದೆ. ಅಲ್ಲಿಯ ಜೀವಕೋಶಗಳು ಕ್ರಿಮಿಯ ಗುರುತು ಹಿಡಿದು ರಕ್ತಕ್ಕೆ ಸುದ್ದಿ ಮುಟ್ಟಿಸುತ್ತವೆ. ರಕ್ತದ ಬಿಳಿ ಕಣಗಳು ಓಡಿಬಂದು ಕ್ರಿಮಿ ನುಂಗುತ್ತವೆ.

ಬ್ರಿಟನ್ನಿನ ಸ್ವಾನ್ಸಿ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಶೆಲ್ಡನ್ ಎಂಬವರ ತಂಡ ಇದನ್ನೇ ಅಭ್ಯಾಸ ಮಾಡಿದೆ. ಕೀವು ಮಾಡುವ ಟ್ರುಪೆರೆಲ್ಲಾ ಎಂಬ ಕ್ರಿಮಿ ವಿಷ ಬಿಡುತ್ತದೆ. ಆ ವಿಷಕ್ಕೆ ಮೇಲ್ಪದರದ ಕೋಶಗಳು ಸಾಕಷ್ಟು ತಡೆಯುತ್ತವೆ, ಅದರ ಕೆಳಗಿನ ಕೋಶಗಳು ಮಾತ್ರ ಬೇಗ ತೂತು ಬಿದ್ದು ಸಾಯುತ್ತವೆ. ಈದಾಗ ಆ ಮೇಲ್ಪದರ ಮೊದಲೇ ಅಲ್ಲಲ್ಲಿ ಹಸಿಗಾಯ ಆಗಿರುತ್ತದೆ, ಮಾಯಲು ಮೂರು ನಾಲ್ಕು ವಾರ ಬೇಕು. ನಾನು ಜಗ್ಗಿ ಹರಿದದ್ದು ಅದನ್ನೇ!

ಬಿಳಿ ಕಣಗಳಿಗೂ ಕಸುವು ಬೇಕು. ಈದ ಹೊಸದರಲ್ಲಿ ಶಕ್ತಿಯೆಲ್ಲ ಹಾಲಿಗೆ ಹೋಗುತ್ತದೆ. ಬರೀ ಕಣಕಿ ಹಾಕಿ ಕೊಡ ತುಂಬ ಹಾಲು ಕೇಳಿದರೆ ಅವು ಹೆಂಗ ಹೋರಾಡಬೇಕು?

ಮಾಸು ಸಾಮಾನ್ಯವಾಗಿ 12 ತಾಸಿನೊಳಗೆ ಬೀಳುತ್ತದೆ. 24 ತಾಸು ದಾಟಿದರೆ, ಜ್ವರ ಬಂದು ಮೇವು ಬಿಟ್ಟರೆ, ನಾರುವ ನೀರು ಸೋರಿದರೆ ಡಾಕ್ಟರನ್ನು ಕರೆಸಿರಿ. ನಾತವಿಲ್ಲದ ಕೆಂಪು ಸೋರಿಕೆಗೆ ಗಾಬರಿ ಬೇಡ. ಬರಿಗೈ ಅಂತೂ ಹಾಕಲೇಬೇಡಿ, ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ.

ಪಶುವೈದ್ಯ ಸಹಾಯವಾಣಿ 1962 ಅನ್ನು ಸಂಘದ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕೆಂದು ಆಡಳಿತ ಮಂಡಳಿಯಲ್ಲಿ ಕೇಳಿದ್ದೇನೆ. ಬಣ್ಣದ ಖರ್ಚು ನಂದು.