ಚೌಕದಲ್ಲಿ ಕತ್ತಲಿಗೆ ಕಾಯುವ ಊರು



ನಮ್ಮ ಕಡೆ ಆಗಸ್ಟ್ ಎಂದರೆ ಶ್ರಾವಣ. ಮಳೆ, ಹಬ್ಬ, ನಾಟಿಯ ಗದ್ದೆ. ಸ್ವಿಟ್ಜರ್ಲೆಂಡಿನಲ್ಲಿ ಅದೇ ತಿಂಗಳು ಬೇಸಿಗೆ; ರಾತ್ರಿ ಒಂಬತ್ತರ ಹೊತ್ತಿಗೂ ಆಕಾಶದಲ್ಲಿ ಇನ್ನೂ ಬೆಳಕಿರುತ್ತದೆ. ಆ ದೇಶದ ದಕ್ಷಿಣ ಭಾಗದಲ್ಲಿ, ಮ್ಯಾಜೋರೆ ಸರೋವರದ ದಂಡೆಯ ಮೇಲೆ ಲೊಕಾರ್ನೊ ಎಂಬ ಪಟ್ಟಣವಿದೆ. ಜನರ ಆಡುಮಾತು ಇಟಾಲಿಯನ್. ಜನಸಂಖ್ಯೆ ಹದಿನೈದು ಹದಿನಾರು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಚಿಕ್ಕ ತಾಲ್ಲೂಕು ಕೇಂದ್ರ.

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಈ ಊರಿನ ನಡುವೆ, ಕಲ್ಲುಹಾಸಿನ ಪಿಯಾಝಾ ಗ್ರಾಂಡೆ ಎಂಬ ದೊಡ್ಡ ಚೌಕದಲ್ಲಿ, ಸುಮಾರು ಎಂಟು ಸಾವಿರ ಕುರ್ಚಿಗಳನ್ನು ಸಾಲಾಗಿ ಹಾಕುತ್ತಾರೆ. ಒಂದು ಕೊನೆಯಲ್ಲಿ 26 ಮೀಟರ್ ಅಗಲ, 14 ಮೀಟರ್ ಎತ್ತರದ ಪರದೆ ಏಳುತ್ತದೆ. ಕತ್ತಲು ಇಳಿದ ಮೇಲೆ, ಒಂಬತ್ತೂವರೆಯ ಸುಮಾರಿಗೆ, ಲೋಕದ ಯಾವುದೋ ಮೂಲೆಯ ಚಿತ್ರ ಶುರುವಾಗುತ್ತದೆ. ಟೆಂಟ್ ಸಿನಿಮಾ ಕಂಡ ನಮ್ಮ ಹಿರಿಯರಿಗೆ ಇದು ಹೊಸದೆನಿಸಲಾರದು. ನಮ್ಮ ಹಳ್ಳಿಗಳ ಟೆಂಟಿನಲ್ಲೂ ಹೊತ್ತು ಮುಳುಗಿದ ಮೇಲೆಯೇ ಮೊದಲ ಆಟ. ವ್ಯತ್ಯಾಸವಿಷ್ಟೇ: ಟೆಂಟಿಗೆ ಹೋಗುವವರಿಗೆ ಪರದೆಯ ಮೇಲಿನ ನಾಯಕ ಪರಿಚಿತ. ಲೊಕಾರ್ನೊದ ಚೌಕದಲ್ಲಿ ಕೂತವರಿಗೆ ನಾಯಕನ ಹೆಸರೂ ಗೊತ್ತಿರುವುದಿಲ್ಲ, ಅವನ ಭಾಷೆಯೂ ಗೊತ್ತಿರುವುದಿಲ್ಲ. ಆದರೂ ಬಂದು ಕೂರುತ್ತಾರೆ.

ಗೊತ್ತಿಲ್ಲದ್ದನ್ನು ನೋಡಲು ಒಂದು ಊರಿಗೆ ಊರೇ ಬಂದು ಕೂರುವ ಈ ಅಭ್ಯಾಸ ಒಂದೇ ದಿನದಲ್ಲಿ ಬಂದದ್ದಲ್ಲ. ಅದರ ಹಿಂದೆ ಎಂಟು ದಶಕಗಳ ಕಥೆಯಿದೆ. ಆ ಕಥೆಯ ಒಂದು ಅಧ್ಯಾಯಕ್ಕೆ ನಮ್ಮ ಮಂಡ್ಯ ಜಿಲ್ಲೆಯೂ ಸೇರಿದೆ.

ಇತಿಹಾಸ ಓದಿದವರಿಗೆ ಲೊಕಾರ್ನೊ ಎಂದೊಡನೆ ನೆನಪಾಗುವುದು ಸಿನಿಮಾ ಅಲ್ಲ, ಒಪ್ಪಂದ. 1925ರ ಅಕ್ಟೋಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಬೆಲ್ಜಿಯಂ ಮೊದಲಾದ ದೇಶಗಳ ನಾಯಕರು ಇಲ್ಲಿ ಸೇರಿ, ಇನ್ನು ಮುಂದೆ ಗಡಿಗಾಗಿ ಯುದ್ಧ ಬೇಡವೆಂದು ಮಾತುಕತೆ ನಡೆಸಿದರು. ಆ ಕೆಲಸಕ್ಕಾಗಿ ಫ್ರಾನ್ಸಿನ ಬ್ರಿಯಾಂಡ್ ಮತ್ತು ಜರ್ಮನಿಯ ಸ್ಟ್ರೆಸಮನ್‌ಗೆ 1926ರ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆದರೆ ಹತ್ತೇ ವರ್ಷಗಳಲ್ಲಿ, 1936ರಲ್ಲಿ, ಹಿಟ್ಲರ್ ರೈನ್‌ಲ್ಯಾಂಡಿಗೆ ಸೈನ್ಯ ನುಗ್ಗಿಸಿ ಒಪ್ಪಂದವನ್ನು ಹರಿದುಹಾಕಿದ. ಮುಂದಿನದು ಎಲ್ಲರಿಗೂ ತಿಳಿದ ಮಹಾಯುದ್ಧ.

ಯುದ್ಧ ಮುಗಿದ ಮರುವರ್ಷವೇ ಇದೇ ಊರು ಮತ್ತೊಮ್ಮೆ ಪರದೇಶಗಳನ್ನು ಒಂದೆಡೆ ಕೂಡಿಸಿತು; ಈ ಬಾರಿ ಪರದೆಯ ಮೇಲೆ. ಇದಕ್ಕೆ ನೆರೆಯ ಊರಿನ ನಿರಾಕರಣೆಯೇ ಕಾರಣವಾದದ್ದು ಸ್ವಾರಸ್ಯಕರ. 1944 ಮತ್ತು 1945ರಲ್ಲಿ ಚಿತ್ರಪ್ರದರ್ಶನಗಳು ನಡೆದದ್ದು ಪಕ್ಕದ ದೊಡ್ಡ ಪಟ್ಟಣವಾದ ಲುಗಾನೊದಲ್ಲಿ. ಅಲ್ಲಿನ ಉದ್ಯಾನದಲ್ಲಿ ಬಯಲು ಚಿತ್ರಮಂದಿರ ಕಟ್ಟುವ ಯೋಜನೆ 1946ರಲ್ಲಿ ಜನಮತಕ್ಕೆ ಹೋಯಿತು. ಮತದಾರರು ಬೇಡವೆಂದರು. ಅವಕಾಶ ಲೊಕಾರ್ನೊಗೆ ಬಂತು. ಅದೇ ವರ್ಷ ಆಗಸ್ಟ್ 23ರಂದು, ಗ್ರಾಂಡ್ ಹೋಟೆಲಿನ ತೋಟದಲ್ಲಿ, ಇಟಲಿಯ 'ಓ ಸೋಲೆ ಮಿಯೊ' ಚಿತ್ರದೊಂದಿಗೆ ಉತ್ಸವ ಆರಂಭವಾಯಿತು. ನಾಜಿಗಳ ಹಿಡಿತದಲ್ಲಿದ್ದ ರೋಮ್ ನಗರದ ಸಂಕಟವನ್ನು ಹೇಳುವ ರೊಸೆಲಿನಿಯ 'ರೋಮ್, ಓಪನ್ ಸಿಟಿ' ಕೂಡ ಆ ಮೊದಲ ವರ್ಷದ ಚಿತ್ರಗಳಲ್ಲಿ ಒಂದು. ಗಡಿಯಾಚೆಯ ನೆರೆಯವರು ಅನುಭವಿಸಿದ್ದೇನೆಂದು ಈಚೆಯ ಜನ ಕಣ್ಣಾರೆ ಕಂಡರು.

ಉತ್ಸವದ ಹಾದಿ ಸುಗಮವಾಗೇನೂ ಇರಲಿಲ್ಲ. 1951 ಮತ್ತು 1956ರಲ್ಲಿ ಅದು ನಡೆಯಲೇ ಇಲ್ಲ. ಶೀತಲ ಸಮರದ ದಿನಗಳಲ್ಲಿ ಪೂರ್ವ ಯೂರೋಪಿನ ಕಮ್ಯುನಿಸ್ಟ್ ದೇಶಗಳ ಚಿತ್ರಗಳಿಗೆ ಜಾಗ ಕೊಟ್ಟಿದ್ದಕ್ಕಾಗಿ, ಇದು ಎಡಪಂಥೀಯರ ಉತ್ಸವವೆಂಬ ಆಪಾದನೆಯನ್ನೂ ಹೊರಬೇಕಾಯಿತು. ಆದರೆ 1964ರಲ್ಲಿ ಇಲ್ಲಿ ಮೊದಲ ಪ್ರಶಸ್ತಿ ಪಡೆದ ಚೆಕೊಸ್ಲೊವಾಕಿಯಾದ 'ಬ್ಲ್ಯಾಕ್ ಪೀಟರ್' ಚಿತ್ರವನ್ನು ನೋಡಿದರೆ ಆಪಾದನೆ ಎಷ್ಟು ಪೊಳ್ಳೆಂದು ತಿಳಿಯುತ್ತದೆ. ಅಂಗಡಿಯೊಂದರಲ್ಲಿ ಕಳ್ಳರನ್ನು ಕಾಯುವ ಕೆಲಸಕ್ಕೆ ಸೇರಿದ, ಕಳ್ಳರನ್ನು ಹಿಡಿಯಲಾಗದ ಹುಡುಗನೊಬ್ಬನ ಕಥೆಯದು. ಅದರಲ್ಲಿ ಪಕ್ಷದ ಘೋಷಣೆಯಿಲ್ಲ, ಹದಿಹರೆಯದ ಪೇಚಾಟವಿದೆ. ನಿರ್ದೇಶಕ ಮಿಲೋಶ್ ಫೋರ್ಮನ್ ಮುಂದೆ ಅಮೆರಿಕೆಗೆ ವಲಸೆ ಹೋಗಿ ಆಸ್ಕರ್ ಪ್ರಶಸ್ತಿ ಪಡೆದದ್ದು ಪ್ರಸಿದ್ಧ ಸಂಗತಿ.

1971ರಲ್ಲಿ ಉತ್ಸವ ಹೋಟೆಲಿನ ತೋಟದಿಂದ ಊರಿನ ಚೌಕಕ್ಕೆ ಬಂತು. ಪರದೆಯನ್ನೂ ಪ್ರೊಜೆಕ್ಟರ್ ಕೋಣೆಯನ್ನೂ ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಲಿವಿಯೊ ವಕ್ಕಿನಿ. ಸ್ಥಳ ಬದಲಾದದ್ದು ಸಣ್ಣ ಮಾತಲ್ಲ. ಹೋಟೆಲಿನ ತೋಟಕ್ಕೆ ಅತಿಥಿಯಾಗಿ ಹೋಗಬೇಕು. ಚೌಕ ಊರಿನವರದೇ ಸ್ವತ್ತು; ಹಗಲು ತರಕಾರಿ ಕೊಂಡು, ಸಂಜೆ ಅಡ್ಡಾಡಿ, ರಾತ್ರಿ ಅಲ್ಲಿಯೇ ಜಪಾನಿನ ಚಿತ್ರ ನೋಡಬಹುದು.

ಇಷ್ಟಕ್ಕೂ ಇಂಥ ಪ್ರದರ್ಶನದಿಂದ ಚಿತ್ರಕ್ಕೆ ಆಗುವ ಲಾಭವೇನು? ಹೆಸರಾಂತ ತಾರೆಯರಿಲ್ಲದ, ದೊಡ್ಡ ಬಂಡವಾಳವಿಲ್ಲದ ಚಿತ್ರವನ್ನು ಹಂಚಿಕೆದಾರರು ಸುಲಭವಾಗಿ ಕೊಳ್ಳುವುದಿಲ್ಲ. ಯಾರೂ ಕೊಳ್ಳದ ಚಿತ್ರ ಯಾರಿಗೂ ಕಾಣುವುದಿಲ್ಲ. ಯಾರಿಗೂ ಕಾಣದ್ದನ್ನು ಯಾರೂ ಕೊಳ್ಳುವುದಿಲ್ಲ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ವಿಮರ್ಶಕರು, ಹಂಚಿಕೆದಾರರು, ಸಾಮಾನ್ಯ ಪ್ರೇಕ್ಷಕರು ಒಟ್ಟಿಗೆ ಕೂತು ನೋಡುವ ಉತ್ಸವದಲ್ಲಿ ಅದು ಮುರಿಯುತ್ತದೆ. ಚಿತ್ರದ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತದೆ, ಬೇರೆ ಉತ್ಸವಗಳಿಂದ ಕರೆ ಬರುತ್ತದೆ, ಕೊನೆಗೆ ಚಿತ್ರಮಂದಿರದ ಬಾಗಿಲು ತೆರೆಯುತ್ತದೆ.

ಲೊಕಾರ್ನೊದ ದಾಖಲೆಯಲ್ಲಿ ಇದಕ್ಕೆ ಉದಾಹರಣೆಗಳು ಹಲವು. ಜಪಾನಿನ ಯಸುಜಿರೊ ಒಜು ತೀರಿಕೊಂಡದ್ದು 1963ರಲ್ಲಿ. 1979ರಲ್ಲಿ ಇಲ್ಲಿ ಅವರ ಚಿತ್ರಗಳನ್ನು ಒಟ್ಟಾಗಿ ತೋರಿಸಿದ ಮೇಲೆ ಯೂರೋಪು ಅವರತ್ತ ಹೊಸ ಕಣ್ಣಿನಿಂದ ನೋಡಿತು. 1985ರಲ್ಲಿ ಚೀನಾದ ಚೆನ್ ಕೈಗೆ ಅವರ 'ಯೆಲ್ಲೊ ಅರ್ತ್'ಗೆ ಬೆಳ್ಳಿ ಚಿರತೆ ಬಂತು. ಚಿರತೆಯೇ ಈ ಉತ್ಸವದ ಲಾಂಛನ; ಚೌಕದ ಕುರ್ಚಿಗಳಿಗೂ ಅದರದೇ ಹಳದಿ, ಕಪ್ಪು ಬಣ್ಣ. 1989ರಲ್ಲಿ ಕಂಚಿನ ಚಿರತೆ ಇರಾನಿನ ಅಬ್ಬಾಸ್ ಕಿಯಾರೊಸ್ತಾಮಿ ಅವರ ಪಾಲಾಯಿತು. ಸಹಪಾಠಿಯ ನೋಟ್‌ಪುಸ್ತಕ ಅಕಸ್ಮಾತ್ ತನ್ನ ಚೀಲಕ್ಕೆ ಸೇರಿಬಿಟ್ಟಿದೆ, ಅದನ್ನು ಹಿಂದಿರುಗಿಸದಿದ್ದರೆ ಅವನನ್ನು ಶಾಲೆಯಿಂದ ಹೊರಹಾಕುತ್ತಾರೆ ಎಂದು ಪಕ್ಕದೂರಿಗೆ ಓಡುವ ಪುಟ್ಟ ಹುಡುಗನ ಕಥೆ. ಮೇಷ್ಟರ ಭಯ ಗೊತ್ತಿರುವ ಯಾವ ದೇಶದ ಮಗುವಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಪ್ರಶಸ್ತಿಯ ನಂತರವೇ ಕಿಯಾರೊಸ್ತಾಮಿ ಪಶ್ಚಿಮದಲ್ಲಿ ಮನೆಮಾತಾದರು.

ಇನ್ನು ಚೌಕದ ಜನರ ಮಾತು. ಅಲ್ಲಿನ ಚಿತ್ರಗಳಿಗೆ ಪ್ರೇಕ್ಷಕರೇ ಮತ ಹಾಕಿ ಕೊಡುವ ಪ್ರಶಸ್ತಿಯೊಂದಿದೆ. 2001ರಲ್ಲಿ ಅದನ್ನು ಗೆದ್ದದ್ದು ಅಶುತೋಷ್ ಗೋವಾರಿಕರ್ ಅವರ ಹಿಂದಿ ಚಿತ್ರ 'ಲಗಾನ್'. ಕ್ರಿಕೆಟ್ ಆಟವನ್ನೇ ಆಡದ ಜನ, ಕ್ರಿಕೆಟ್ ಪಂದ್ಯವೊಂದರ ಸುತ್ತ ಹೆಣೆದ ಮೂರು ಮುಕ್ಕಾಲು ಗಂಟೆಯ ಚಿತ್ರಕ್ಕೆ ಮತ ಹಾಕಿದರು. ಲೆಗ್ ಬೈ ಎಂದರೇನೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಕಂದಾಯ ಕಟ್ಟಲಾಗದ ರೈತನ ಮುಖ ಗೊತ್ತಾಯಿತು.

ಮಂಡ್ಯದ ಅಧ್ಯಾಯ ಬರುವುದು 2015ರ ಆಗಸ್ಟ್‌ನಲ್ಲಿ. ಆ ವರ್ಷ ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆಯನ್ನೂ, ಅತ್ಯುತ್ತಮ ಚೊಚ್ಚಲ ಚಿತ್ರದ ಪ್ರಶಸ್ತಿಯನ್ನೂ ಗೆದ್ದದ್ದು ರಾಮ್ ರೆಡ್ಡಿ ನಿರ್ದೇಶನದ ಕನ್ನಡ ಚಿತ್ರ 'ತಿಥಿ'. ಈರೇಗೌಡ ಅವರೊಂದಿಗೆ ಸೇರಿ ಬರೆದ ಕಥೆ. ಚಿತ್ರೀಕರಣ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ನಟರು ಹಳ್ಳಿಯ ಜನರೇ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಮೂವರೂ ಮೂರು ದಿಕ್ಕು. ಜಮೀನು ಮಾರುವ ತರಾತುರಿ ಒಬ್ಬನಿಗೆ, ಊರಾಡುವ ಹಂಬಲ ಇನ್ನೊಬ್ಬನಿಗೆ, ಕುರಿ ಕಾಯುವ ಹುಡುಗಿಯ ಮೇಲೆ ಕಣ್ಣು ಮತ್ತೊಬ್ಬನಿಗೆ. ಮಂಡ್ಯದ ಮಾತಿನ ಸೊಗಡು ಉಪಶೀರ್ಷಿಕೆಯಲ್ಲಿ ಅರ್ಧವಾದರೂ ಸೋರಿಹೋಗಿರಬೇಕು. ಪಾಣಿ, ಖಾತೆ, ಪಾಲುಪಾರಿಕತ್ತಿನ ಜಟಿಲತೆ ಅಲ್ಲಿನವರಿಗೆ ಹೇಗೆ ತಿಳಿಯಬೇಕು? ಆದರೂ ತೀರ್ಪುಗಾರರಿಗೆ ಚಿತ್ರ ತಲುಪಿತು. ಮುಂದೆ ರಾಷ್ಟ್ರಪ್ರಶಸ್ತಿ ಬಂತು. 2016ರ ಮೇ ತಿಂಗಳಲ್ಲಿ, ನಮ್ಮ ಬೇಸಿಗೆಯಲ್ಲಿ, ಚಿತ್ರ ಕರ್ನಾಟಕದ ಚಿತ್ರಮಂದಿರಗಳಿಗೂ ಬಂತು. ನೊದೆಕೊಪ್ಪಲಿನಿಂದ ಮಂಡ್ಯದ ಟಾಕೀಸಿಗೆ ಇರುವ ದಾರಿ ಹತ್ತಿರದ್ದೇ. ಆದರೆ ಈ ಚಿತ್ರ ಲೊಕಾರ್ನೊ ಸುತ್ತಿ ಬರಬೇಕಾಯಿತು.

ಇದರಲ್ಲಿ ಹೆಮ್ಮೆಯ ಜೊತೆಗೆ ಯೋಚಿಸಬೇಕಾದ ವಿಷಯವೂ ಇದೆ. ಲೊಕಾರ್ನೊ ತನ್ನ ಉತ್ಸವವನ್ನು ಹನ್ನೊಂದು ದಿನದ ಜಾತ್ರೆಯೆಂದು ಮಾತ್ರ ಭಾವಿಸಲಿಲ್ಲ. ಹಳೆಯ ಶಾಲೆಯ ಕಟ್ಟಡವೊಂದನ್ನು ಮೂರು ಪರದೆಗಳ ಸಿನಿಮಾ ಭವನವಾಗಿ ಮಾಡಿ 2017ರಲ್ಲಿ ತೆರೆಯಿತು. ಅದೇ ವರ್ಷ ಹೊರಬಂದ ಸ್ವಿಟ್ಜರ್ಲೆಂಡಿನ ಹೊಸ 20 ಫ್ರಾಂಕ್ ನೋಟಿನ ಮೇಲೆ ಈ ಉತ್ಸವದ ಚಿತ್ರವೇ ಅಚ್ಚಾಗಿದೆ. 2020ರಲ್ಲಿ ಕೊರೊನಾ ಪಿಡುಗಿನಿಂದಾಗಿ ಚೌಕ ಬರಿದಾಗಿತ್ತು. ಮರುವರ್ಷ ಕುರ್ಚಿಗಳು ಹಿಂದಿರುಗಿದವು. 2025ರ ಆಗಸ್ಟ್‌ನಲ್ಲಿ 78ನೆಯ ಉತ್ಸವ ನಡೆಯಿತು. ರಾಜಕಾರಣಿಗಳ ಒಪ್ಪಂದ ಹತ್ತು ವರ್ಷವಷ್ಟೇ ಬಾಳಿದ ಊರಿನಲ್ಲಿ ಪರದೆಯ ಒಪ್ಪಂದ ಸುಮಾರು ಎಂಟು ದಶಕ ಬಾಳಿದೆ.

ಈ ಅವಧಿಯಲ್ಲಿ ನಮ್ಮಲ್ಲಿ ಟೆಂಟುಗಳು ಮಾಯವಾದವು. ಒಂದೇ ಪರದೆಯ ಎಷ್ಟೋ ಟಾಕೀಸುಗಳು ಕಲ್ಯಾಣ ಮಂಟಪಗಳೋ, ಮಳಿಗೆಗಳೋ ಆದವು. ಪರಭಾಷೆಯ ಚಿತ್ರ ಇಂದು ಮೊಬೈಲಿನಲ್ಲೂ ಸಿಗುತ್ತದೆ, ನಿಜ. ಆದರೆ ಮೊಬೈಲಿನಲ್ಲಿ ನಾವು ಹುಡುಕಿದ್ದಷ್ಟೇ ಸಿಗುತ್ತದೆ. ಹುಡುಕಬೇಕೆಂದು ತೋಚದೇ ಇದ್ದದ್ದು ಸಿಗಬೇಕಾದರೆ ಯಾರಾದರೂ ಆರಿಸಿ ತೋರಿಸಬೇಕು, ನಾಲ್ಕು ಜನ ಜೊತೆಗೆ ಕೂರಬೇಕು. ಅದಕ್ಕೆ ಎಂಟು ಸಾವಿರ ಕುರ್ಚಿ ಬೇಕಿಲ್ಲ. ತಾಲ್ಲೂಕಿನ ಪುರಭವನ ಸಾಕು, ಶಾಲೆಯ ಅಂಗಳ ಸಾಕು, ಪರೀಕ್ಷೆ ಮುಗಿದ ಏಪ್ರಿಲ್ ಮೇ ತಿಂಗಳ ಒಂದಷ್ಟು ಸಂಜೆ ಸಾಕು. 1946ರಲ್ಲಿ ಲುಗಾನೊ ಬೇಡವೆಂದಿತು, ಲೊಕಾರ್ನೊ ಬೇಕೆಂದಿತು. ಎರಡು ಊರುಗಳ ನಡುವೆ ಅಂದು ಇದ್ದ ವ್ಯತ್ಯಾಸ ಹಣದ್ದಲ್ಲ, ಆ ಒಂದು ಮಾತಿನದು. ನಮ್ಮ ಊರುಗಳು ಏನೆನ್ನುತ್ತವೆ ಎಂಬುದನ್ನು ಊರಿನವರೇ ಹೇಳಬೇಕು.